ಎಷ್ಟು ಸಲ ತಡೆಯಬೇಕು

ಕಂಪ್ಯೂಟರ್ ಕೋಣೆಯೊಳಗೆ ಹೋಗಬೇಕಾದರೆ ಚಪ್ಪಲಿ ಹೊರಗೆ ಬಿಡಬೇಕಿತ್ತು. ಇದು ಧೂಳಿನ ಭಯವೋ ಭಕ್ತಿಯೋ ಎಂದು ಕೆಲಸಕ್ಕೆ ಸೇರಿದ ದಿನವೇ ನನಗೆ ಅನುಮಾನ ಬಂದಿತ್ತು. ಯಾರನ್ನೂ ಕೇಳಲಿಲ್ಲ. ಕೇಳದೆ ಇರುವುದು ನನ್ನ ಸ್ವಭಾವ, ಅದರಿಂದ ಆದ ಅನುಕೂಲಗಳೇ ಹೆಚ್ಚು ಎಂದು ಆಗ ನಂಬಿದ್ದೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಭಾಂಡುಪ್‌ನ ಆ ಕಾರ್ಖಾನೆಯಲ್ಲಿ ನೀರೆತ್ತುವ ಪಂಪುಗಳನ್ನು ಮಾಡುತ್ತಿದ್ದರು. ಕೆಳಗೆ ಲೇಥ್‌ಗಳ ಸದ್ದು, ಎಣ್ಣೆಯ ವಾಸನೆ. ಮೇಲಿನ ಮಹಡಿಯಲ್ಲಿ, ಗಾಜಿನ ಗೋಡೆಯ ಹಿಂದೆ, ಇಡೀ ಕಟ್ಟಡದಲ್ಲಿ ಏಸಿ ಇದ್ದ ಒಂದೇ ಕೋಣೆ. ಆ ತಂಪು ಯಂತ್ರಕ್ಕೆ ಮಂಜೂರಾದದ್ದು, ನಮಗಲ್ಲ; ಆದರೂ ನಮ್ಮನ್ನು ತಡೆಯುವ ಉಪಾಯ ಯಾರಿಗೂ ಹೊಳೆದಿರಲಿಲ್ಲ. ಒಳಗೆ ಕೂರುವವರು ಇಬ್ಬರು: ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ಏಳು ತಿಂಗಳ ಹಿಂದೆ ಸೇರಿದ ನಾನು, ಮತ್ತು ಹದಿನಾಲ್ಕು ವರ್ಷದಿಂದ ಅಲ್ಲಿಯೇ ಇದ್ದ ಆಪರೇಟರ್ ಅಕ್ಕ.

ಅಕ್ಕ ಧಾರವಾಡದ ಕಡೆಯವರು. ಕುರ್ಲಾದ ಚಾಳೊಂದರಲ್ಲಿ ಮನೆ. ಗಂಡ ಕೆಲಸ ಮಾಡುತ್ತಿದ್ದ ಗಿರಣಿ ಮುಚ್ಚಿ ವರ್ಷಗಳಾಗಿದ್ದವು; ಮನೆ ನಡೆಯುತ್ತಿದ್ದದ್ದು ಅಕ್ಕನ ಕೆಲಸದಿಂದ. ಇದನ್ನು ಅವರು ನನಗೆ ಒಂದೇ ಸಲ, ಡಬ್ಬಿ ಬಿಚ್ಚುತ್ತಾ, ರೊಟ್ಟಿ ಸ್ವಲ್ಪ ಒಣಗಿದೆ ಎನ್ನುವ ಧಾಟಿಯಲ್ಲಿ ಹೇಳಿದ್ದರು.

ಅವರ ಕೆಲಸ ಬೆಳಿಗ್ಗೆ ಒಂಬತ್ತಕ್ಕೆ ಶುರು. ಫೋರ್ಟ್ ಬಡಾವಣೆಯ ಹೆಡ್ ಆಫೀಸಿನಲ್ಲಿ ದೊಡ್ಡ ಕಂಪ್ಯೂಟರ್ ಒಂದಿತ್ತು. ಆ ದಿನ ಯಾವ ಪಂಪು ಯಾವ ಊರಿಗೆ ಹೋಗಬೇಕೆಂಬ ಪಟ್ಟಿ ಅದರಲ್ಲಿ ಇರುತ್ತಿತ್ತು. ನಮ್ಮ ಮಹಡಿಗಿದ್ದ ಒಂದೇ ನೇರ ಟೆಲಿಫೋನ್ ಲೈನನ್ನು ಮೋಡೆಮ್ ಎಂಬ ಪೆಟ್ಟಿಗೆಗೆ ಸಿಕ್ಕಿಸಿ, ಅಲ್ಲಿಗೆ ಡಯಲ್ ಮಾಡಿ, ಆ ಯಂತ್ರ ಕೇಳುವ ಒಂದೊಂದು ಪ್ರಶ್ನೆಗೂ ಉತ್ತರ ಟೈಪ್ ಮಾಡಿ ಪಟ್ಟಿಯನ್ನು ಇಳಿಸಿಕೊಳ್ಳಬೇಕು. ಪಟ್ಟಿ ಬರುವವರೆಗೆ ಅಂಗಳದಲ್ಲಿ ಟ್ರಕ್ಕುಗಳು ಕದಲುತ್ತಿರಲಿಲ್ಲ. ಲೈನು ಸಿಗುವುದು, ಕಡಿಯುವುದು, ಮತ್ತೆ ಹಿಡಿಯುವುದು ಎಲ್ಲ ಸೇರಿ ಒಂದರಿಂದ ಎರಡು ಗಂಟೆಯ ಕೆಲಸ.

ಅಕ್ಕ ಅದನ್ನು ಕಿವಿಯಿಂದ ಮಾಡುತ್ತಿದ್ದರು. ಮೋಡೆಮ್ ಕೀರಲು ಶುರುಮಾಡಿದ ಕೂಡಲೇ ತಲೆ ಓರೆ ಮಾಡಿ ಕೇಳಿ, "ಇವತ್ತ ಲೈನಿಗೆ ನೆಗಡಿ ಆಗೈತಿ, ಚಹಾ ಕುಡದ ಬರೂಣು ಬಾ" ಎನ್ನುತ್ತಿದ್ದರು. ಚಹಾ ಕುಡಿದು ಬಂದು ಮತ್ತೆ ಡಯಲ್ ಮಾಡಿದರೆ ಲೈನು ಸರಿಯಾಗಿರುತ್ತಿತ್ತು. ನಾನು ಇದನ್ನು ಕೆಲವು ವಾರ ಬರೆದಿಟ್ಟು ನೋಡಿದೆ. ಕಾರಣ ಸಿಗಲಿಲ್ಲ. ಚಹಾ ಚೆನ್ನಾಗಿತ್ತು.

ನಮ್ಮ ಮ್ಯಾನೇಜರ್ ಉಡುಪಿ ಕಡೆಯವರು. ಅವರ ದೊಡ್ಡಪ್ಪನದು ಮಾಟುಂಗಾದಲ್ಲಿ ಹೋಟೆಲ್. ಕುಟುಂಬದಲ್ಲಿ ಹೋಟೆಲ್ ಬಿಟ್ಟು ಕಂಪ್ಯೂಟರಿಗೆ ಬಂದ ಮೊದಲಿಗರು ತಾವು ಎಂಬ ಹೆಮ್ಮೆ ಅವರಿಗಿತ್ತು. ಹೋಟೆಲಿನ ಕಣ್ಣು ಮಾತ್ರ ಹೋಗಿರಲಿಲ್ಲ. ಯಾರು ಖಾಲಿ ಕುಳಿತಿದ್ದಾರೆ ಎಂಬುದು ಅವರಿಗೆ ಗಾಜಿನ ಆಚೆಯಿಂದಲೇ ತಿಳಿಯುತ್ತಿತ್ತು.

"ಆಪರೇಟರ್ ಬಾಯಿ ಎರಡು ಗಂಟೆ ಎಂತ ಮಾಡುದು ಅಲ್ಲಿ? ವೈ ಒತ್ತುದು, ಎಂಟರ್ ಒತ್ತುದು. ಇಷ್ಟಕ್ಕೆ ಒಂದು ಜನ ಬೇಕಾ ಮಾರಾಯ್ರೆ?" ಎಂದು ಅವರು ಒಂದು ದಿನ ನನ್ನನ್ನು ಕ್ಯಾಬಿನ್ನಿಗೆ ಕರೆದು ಕೇಳಿದರು. "ನೀವು ಎಂ.ಎಸ್ಸಿ. ಓದಿದವರು. ಇದನ್ನು ಮಷೀನೇ ಮಾಡುವ ಹಾಗೆ ಮಾಡ್ಲಿಕ್ಕೆ ಆಗುದಿಲ್ವಾ?"

"ಮಾಡಬಹುದು ಸರ್" ಎಂದೆ. ಪ್ರಶ್ನೆ ಸಾಧ್ಯವೇ ಎಂಬುದಾಗಿತ್ತು. ಉತ್ತರ ಸರಿಯಾಗಿತ್ತು.

ಅದರ ಅರ್ಥ ಏನೆಂದು ಕ್ಯಾಬಿನ್ನಿನಿಂದ ಹೊರಬರುವಾಗ ಹೊಳೆಯಿತು. ಎರಡು ವರ್ಷದ ಹಿಂದೆ ಕೆಳಗಿನ ಟೆಲೆಕ್ಸ್ ಕೋಣೆಯನ್ನು ಮುಚ್ಚಿದಾಗ, ಅಲ್ಲಿದ್ದ ಹೆಂಗಸನ್ನು ಯಾರೂ ಕೆಲಸದಿಂದ ತೆಗೆದಿರಲಿಲ್ಲ. ಭಿವಂಡಿಯ ಗೋದಾಮಿಗೆ ವರ್ಗ ಮಾಡಿದರು, ಅಷ್ಟೆ. ಲೋಕಲ್ ರೈಲು ಇಲ್ಲದ ದಾರಿ, ಎರಡು ಬಸ್ಸು, ಹೆಂಗಸರಿಗೆ ಬೇರೆ ಶೌಚಾಲಯವಿಲ್ಲದ ಶೆಡ್ಡು. ಮೂರು ತಿಂಗಳಲ್ಲಿ ಆಕೆ ತಾನೇ ರಾಜೀನಾಮೆ ಕೊಟ್ಟಳು. ಆಕೆಗೆ ಒಳ್ಳೆಯ ಬೀಳ್ಕೊಡುಗೆಯನ್ನೂ ಮಾಡಿದರಂತೆ. ಈಗ ಮ್ಯಾನೇಜರ್ ಮುಚ್ಚುಮರೆ ಮಾಡಲಿಲ್ಲ. ಮಾರನೆಯ ದಿನ ನನ್ನ ಮುಂದೆಯೇ ಅಕ್ಕನಿಗೆ ಹೇಳಿದರು: ನಾನು ಬರೆಯುವ ಸ್ಕ್ರಿಪ್ಟ್, ಅಂದರೆ ಯಂತ್ರಕ್ಕೆ ಬರೆದುಕೊಡುವ ಆದೇಶಗಳ ಸರಣಿ, ಆರು ದಿನ ಸತತವಾಗಿ, ಯಾರ ಕೈಯೂ ತಾಗದೆ ಪಟ್ಟಿ ತಂದರೆ, ದೀಪಾವಳಿಯ ನಂತರ ಅವರಿಗೆ ಭಿವಂಡಿ.

ಅಕ್ಕ ಮೋಡೆಮಿನ ಮೇಲಿನ ಧೂಳು ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿ, "ಹಂಗಾರ ನಿನಗ ಎಲ್ಲಾ ಹೇಳಿಕೊಡಬೇಕಲ್ಲ ಈಗ" ಎಂದರು.

ಆ ಸ್ಕ್ರಿಪ್ಟನ್ನು ನಡೆಸುವ ಪ್ರೋಗ್ರಾಮನ್ನು ಟೇಪಿನಲ್ಲಿ ತಂದುಕೊಟ್ಟವಳು ಸಂಶೋಧನೆ ಮಾಡುತ್ತಿದ್ದ ನನ್ನ ಕಾಲೇಜು ಗೆಳತಿ. ಅಮೆರಿಕದಲ್ಲಿ ಯಾರೋ ಬರೆದು ಬೇಕಾದವರು ಬಳಸಲಿ ಎಂದು ಬಿಟ್ಟಿದ್ದಂತೆ. ಅದು ಮಾಡುವ ಕೆಲಸ ಸರಳ. ಮನುಷ್ಯರ ಬದಲು ಟರ್ಮಿನಲ್ಲಿನ ಮುಂದೆ ತಾನು ಕುಳಿತು, ಎದುರಿನ ಯಂತ್ರ ಏನಾದರೂ ಹೇಳುವವರೆಗೆ ಕಾಯುತ್ತದೆ. ಬಂದ ಮಾತನ್ನು ನಾವು ಸ್ಕ್ರಿಪ್ಟಿನಲ್ಲಿ ಕೊಟ್ಟ ಮಾತುಗಳ ಪಟ್ಟಿಯ ಜೊತೆ ಹೋಲಿಸುತ್ತದೆ. ಪಟ್ಟಿಯಲ್ಲಿದ್ದರೆ ಅದಕ್ಕೆ ತಕ್ಕ ಉತ್ತರ ಕೊಡುತ್ತದೆ. ಗೊತ್ತು ಮಾಡಿದ ಹೊತ್ತಿನೊಳಗೆ ಗುರುತಿರುವ ಯಾವ ಮಾತೂ ಬಾರದಿದ್ದರೆ ಕೈಬಿಡುತ್ತದೆ. ಕಷ್ಟವಿರುವುದು ಉತ್ತರ ಕೊಟ್ಟ ಮೇಲೆ ಏನು ಎಂಬುದರಲ್ಲಿ. ಅಲ್ಲಿ ಮೂರು ದಾರಿಗಳಿದ್ದವು. ಎಲ್ಲವನ್ನೂ ಬಿಟ್ಟು ಹೊರಗೆ ಬರುವುದು; ಮೊದಲಿನಿಂದ ಮತ್ತೆ ಡಯಲ್ ಮಾಡುವುದು; ಇದ್ದಲ್ಲೇ ಇದ್ದು ಮುಂದಿನ ಮಾತಿಗೆ ಕಿವಿಗೊಡುವುದು. ಎಲ್ಲಿ ಯಾವುದು ಎಂದು ತಿಳಿಯಬೇಕಾದರೆ ಎದುರಿನ ಯಂತ್ರದ ಗುಣ ಗೊತ್ತಿರಬೇಕು. ಅದು ಗೊತ್ತಿದ್ದವರು ಒಬ್ಬರೇ.

ಹಾಗಾಗಿ ನಾನು ನೋಟ್‌ಬುಕ್ ಹಿಡಿದು ಅಕ್ಕನ ಪಕ್ಕ ಕುಳಿತು, ಅವರನ್ನೇ ಅಲ್ಲಿಂದ ಎಬ್ಬಿಸುವ ಯಂತ್ರಕ್ಕೆ ಬೇಕಾದ ಪಾಠವನ್ನು ಅವರಿಂದ ಬರೆದುಕೊಂಡೆ. ಅವರು ಚೆನ್ನಾಗಿ ಹೇಳಿಕೊಟ್ಟರು. ಫೋರ್ಟಿನ ಯಂತ್ರ ಹೇಳುವ ಮಾತುಗಳು ಒಟ್ಟು ಹನ್ನೊಂದು.

"ಹೆಸರ ಕೇಳಿದ್ರ ಹೆಸರ ಕೊಡು. ಟರ್ಮಿನಲ್ ಯಾವ್ದು ಅಂತ ಕೇಳತೈತಿ, ಸುಮ್ನ ಎಂಟರ್ ಹೊಡಿ, ಅದಕ್ಕೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. 'ಕಂಟಿನ್ಯೂ' ಅಂತ ಕೇಳಿದ್ರ ವೈ. ಆದ್ರ ಪಟ್ಟಿ ಮುಗದ ಮ್ಯಾಲೆ ಇನ್ನೊಮ್ಮೆ ಕಂಟಿನ್ಯೂ ಅಂತೈತಿ ನೋಡು, ಅವಾಗ ಎನ್. ಇಲ್ಲಾಂದ್ರ ನಿನ್ನಿ ಪಟ್ಟಿನೂ ಕೊಡತೈತಿ, ಮೊನ್ನಿದೂ ಕೊಡತೈತಿ, ಪೇಪರ್ ಮುಗಿಯೂತನಾ ಕೊಡತೈತಿ."

"ಪ್ಲೀಸ್ ವೇಟ್ ಅಂತ ಬಂದರೆ?"

"ತಡೀರಿ ಅಂದ್ರ ತಡೀಬೇಕವಾ. ಅದೇನ ಬೈಗುಳಲ್ಲ. ಒಳಗ ಪಟ್ಟಿ ಹುಡುಕಾಕತ್ತೈತಿ ಅಂತ ಅರ್ಥ."

ಆ ಮಾತಿಗೆ ಎದುರಾಗಿ ನಾನು 'ಇದ್ದಲ್ಲೇ ಇದ್ದು ಕೇಳು' ಎಂದು ಬರೆದುಕೊಂಡೆ.

ಮೊದಲ ಪ್ರಯತ್ನ ತಿಂಗಳ ಮೊದಲ ತಾರೀಖಿನಂದು. ಪ್ರತಿ ತಿಂಗಳ ಮೊದಲ ದಿನ ಫೋರ್ಟಿನವರು ಪಾಸ್‌ವರ್ಡ್ ಬದಲಿಸುತ್ತಿದ್ದರು. ಅಕ್ಕ ಹೇಳಿದ್ದರು, ನಾನು ಬರೆದುಕೊಂಡಿದ್ದೆ, ಸ್ಕ್ರಿಪ್ಟಿನಲ್ಲಿ ಹಾಕುವುದು ಮರೆತಿತ್ತು. ಸ್ಕ್ರಿಪ್ಟ್ ಹಳೆಯ ಪಾಸ್‌ವರ್ಡ್ ಕೊಟ್ಟಿತು. ತಪ್ಪು ಎಂದು ಆ ಯಂತ್ರ ಮತ್ತೆ ಕೇಳಿತು. ಕೇಳಿದರೆ ಕೊಡಬೇಕೆಂದು ನಾನೇ ಹೇಳಿದ್ದರಿಂದ, ನನ್ನದು ಮತ್ತೆ ಅದನ್ನೇ ಕೊಟ್ಟಿತು. ಬೇಸರವಿಲ್ಲ, ಅನುಮಾನವಿಲ್ಲ, ಮುಖ ಕೆಂಪಾಗುವ ಪ್ರಶ್ನೆಯೇ ಇಲ್ಲ. ಆ ಯಂತ್ರ ನಮ್ಮ ಖಾತೆಗೆ ಬೀಗ ಹಾಕಿದ ಮೇಲೂ ಇದು ಬಾಗಿಲು ತಟ್ಟುತ್ತಲೇ ಇತ್ತು. ಹೇಗೋ ಅದನ್ನು ನಿಲ್ಲಿಸಿದ ಮರುಕ್ಷಣ ಫೋನ್ ಬಡಿದುಕೊಂಡಿತು. ಫೋರ್ಟಿನ ಆಪರೇಟರ್. ಅಕ್ಕನಿಗೆ ಫೋನಿನಲ್ಲಿ ಮಾತ್ರ ಪರಿಚಯವಿದ್ದ, ಮುಖ ನೋಡದ ಹಳೆಯ ಮನುಷ್ಯ.

"ಬಾಯಿ, ಆಪ್ ಕೇ ಯಹಾಂ ಕೋಯಿ ಪಾಗಲ್ ಹೋ ಗಯಾ ಹೈ ಕ್ಯಾ?" ಎಂದು, ನಿಮ್ಮಲ್ಲಿ ಯಾರಿಗಾದರೂ ಹುಚ್ಚು ಹಿಡಿದಿದೆಯೇ ಎಂದು, ಆತ ಕೇಳಿದ್ದು ನನಗೂ ಕೇಳಿಸಿತು.

"ನಹೀಂ ಭಾವು, ಹಮಾರಾ ನಯಾ ಸ್ಟಾಫ್ ಹೈ. ಸೀಖ್ ರಹಾ ಹೈ" ಎಂದರು ಅಕ್ಕ, ನನ್ನ ಸ್ಕ್ರಿಪ್ಟನ್ನು ಇನ್ನೂ ಕಲಿಯುತ್ತಿರುವ ಹೊಸ ಹುಡುಗನನ್ನಾಗಿ ಮಾಡಿ. ಫೋನಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಮೂರ ಸಲ ಕರದ್ರೂ ಬಾಗ್ಲಾ ತೆಗೀಲಿಲ್ಲಂದ್ರ ಹೊಳ್ಳಿ ಬರಬೇಕವಾ ತಂಗಿ. ನಿನ್ನ ಮಷೀನಿಗೆ ಮಾನ ಮರ್ಯಾದಿ ಕಲಸು."

ಕಲಿಸಿದೆ. ಪಾಸ್‌ವರ್ಡಿಗೆ ಒಂದು ಎಣಿಕೆ, ಮೂರಾದರೆ ಹೊರಗೆ. ಡಯಲ್ ಮಾಡುವುದಕ್ಕೆ ಒಂದು ಎಣಿಕೆ, ಐದಾದರೆ ಹೊರಗೆ. 'ತಡೆಯಿರಿ' ಎಂಬುದಕ್ಕೆ ಎಣಿಕೆ ಹಾಕಲಿಲ್ಲ. ಹೇಗೂ ಎರಡು ನಿಮಿಷದ ಗಡುವು ಇದೆಯಲ್ಲ, ಅದು ಮುಗಿದರೆ ತಾನೇ ಕೈಬಿಡುತ್ತದೆ ಎಂದುಕೊಂಡೆ. ಇದನ್ನು ಅಂದುಕೊಂಡದ್ದು ಚೆನ್ನಾಗಿ ನೆನಪಿದೆ. ತರ್ಕ ಅಚ್ಚುಕಟ್ಟಾಗಿ ಕಂಡಿತ್ತು.

ಪರೀಕ್ಷೆ ನವರಾತ್ರಿಯ ನಡುವೆ, ಒಂದು ಸೋಮವಾರ ಶುರುವಾಯಿತು. ಶನಿವಾರಕ್ಕೆ ಆರು ದಿನ. ಮ್ಯಾನೇಜರ್ ತಾವೇ ಬಂದು ಕೀಬೋರ್ಡಿನ ಮೇಲೆ ಪ್ಲಾಸ್ಟಿಕ್ ಮುಸುಕು ಹಾಕಿ, ಅದರ ಅಂಚಿಗೆ ತಮ್ಮ ಸಹಿ ಇದ್ದ ಕಾಗದದ ಪಟ್ಟಿ ಅಂಟಿಸಿದರು.

"ಆರು ದಿನ ಇದಕ್ಕೆ ಯಾರೂ ಕೈ ಹಾಕುದು ಬೇಡ. ಸ್ಕ್ರಿಪ್ಟಿಗೂ ಅಷ್ಟೆ, ಒಂದು ಅಕ್ಷರ ಬದಲಿಸುದು ಬೇಡ. ನಾಳೆ ಯಾರಾದ್ರೂ ಬಂದು ಮಧ್ಯದಲ್ಲಿ ರಿಪೇರಿ ಮಾಡಿದ್ರಿ ಅಂತ ಹೇಳ್ಬಾರ್ದು. ಆಯ್ತಲ್ಲ?"

"ಮಷೀನಿಗೆ ಬುರ್ಖಾ ಹಾಕಿದ್ರಲ್ಲ ಸಾಹೇಬ್ರ" ಎಂದರು ಅಕ್ಕ.

"ನೀವೊಂದು ನಗಿಸ್ಬೇಡಿ ಬಾಯಿ, ನಾನು ಸೀರಿಯಸ್ ಉಂಟು."

ಸೋಮವಾರ ಒಂಬತ್ತಕ್ಕೆ ಸ್ಕ್ರಿಪ್ಟ್ ತಾನಾಗಿ ಎದ್ದು, ಡಯಲ್ ಮಾಡಿ, ಒಂಬತ್ತೂ ನಲವತ್ತಕ್ಕೆ ಪಟ್ಟಿ ತಂದಿತು. ಮಂಗಳವಾರ ಒಂಬತ್ತೂವರೆಗೆ. ಬುಧವಾರ ಲೈನು ಎರಡು ಸಲ ಕಡಿಯಿತು. ಸ್ಕ್ರಿಪ್ಟ್ ಎರಡು ಸಲ ಮೊದಲಿನಿಂದ ಶುರು ಮಾಡಿ ಹತ್ತೂಕಾಲಿಗೆ ತಂದಿತು. ಮ್ಯಾನೇಜರ್ ಗಾಜಿನ ಆಚೆ ನಿಂತು ಹೆಬ್ಬೆರಳು ಎತ್ತಿದರು. ನನ್ನ ಹೆಮ್ಮೆಯನ್ನು ನಾನು ಮುಖದ ಮೇಲೆ ತರಲಿಲ್ಲ ಎಂದು ನಂಬಿದ್ದೇನೆ. ಅಕ್ಕ ಕೈ ಕಟ್ಟಿಕೊಂಡು ಕುರ್ಚಿಯಲ್ಲಿ ಕುಳಿತು ತೆರೆಯ ಮೇಲೆ ಅಕ್ಷರಗಳು ತಾವಾಗಿ ಮೂಡುವುದನ್ನು ನೋಡುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಆ ಹೊತ್ತಿಗೆ ಅವರ ಕೈ ಖಾಲಿ ಇದ್ದದ್ದು ಅದೇ ಮೊದಲು. ಗುರುವಾರ ಮನೆಯಿಂದ ಮೆಂತ್ಯದ ಸೊಪ್ಪಿನ ಕಟ್ಟು ತಂದು, ಕೆಳಗೆ ಹಳೆಯ ಪ್ರಿಂಟ್ಔಟ್ ಹಾಸಿ ಎಲೆ ಬಿಡಿಸತೊಡಗಿದರು.

"ಭಿವಂಡ್ಯಾಗ ಸೊಪ್ಪು ಛಲೋ ಸಿಗತೈತಂತ" ಎಂದರು, ಯಾರಿಗೂ ಅಲ್ಲ ಎಂಬಂತೆ.

ನನ್ನ ಪಟ್ಟಿಯಲ್ಲಿ ಆ ಮಾತಿರಲಿಲ್ಲ.

ಶುಕ್ರವಾರ ಅಕ್ಕನಿಗೆ ಹೇಳಿ ಮನೆಗೆ ಹೊರಟಾಗ ಆ ಪ್ರೋಗ್ರಾಮಿನ ಕೈಪಿಡಿ ಕೈಯಲ್ಲಿತ್ತು; ಲೋಕಲ್‌ನಲ್ಲೂ ಅದನ್ನು ಸುಮ್ಮನೆ ತಿರುವುತ್ತಿದ್ದೆ. ಗೆಳತಿ ಅಚ್ಚು ಹಾಕಿಸಿ ಕೊಟ್ಟಿದ್ದ ಮಡಿಕೆ ಕಾಗದದ ಕಟ್ಟು. ಲೇಡೀಸ್ ಡಬ್ಬಿಯಲ್ಲಿ ನಿಂತು ಅದನ್ನು ಬಿಡಿಸಿದರೆ ಪಕ್ಕದವರ ಮಡಿಲಿಗೆ ಇಳಿಯುತ್ತಿತ್ತು. ಬಟಾಣಿ ಸುಲಿಯುತ್ತಿದ್ದ ಹೆಂಗಸೊಬ್ಬಳು ಅದರ ತುದಿಯನ್ನು ನನಗಾಗಿ ಹಿಡಿದುಕೊಂಡಿದ್ದಳು. ಅಲ್ಲಿ, ವಿಕ್ರೋಲಿ ದಾಟಿದ ಮೇಲೆ, ಮೊದಲು ಕಣ್ಣು ಹಾಯಿಸಿ ಬಿಟ್ಟಿದ್ದ ಒಂದು ಸಾಲನ್ನು ಸರಿಯಾಗಿ ಓದಿದೆ. 'ಇದ್ದಲ್ಲೇ ಇದ್ದು ಕೇಳು' ಎಂದು ಹೇಳಿದಾಗಲೆಲ್ಲ ಗಡುವಿನ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ.

ಅಂದರೆ ಎದುರಿನವರು ಎರಡು ನಿಮಿಷದೊಳಗೊಮ್ಮೆ 'ತಡೆಯಿರಿ' ಎನ್ನುತ್ತಿದ್ದರೆ ಸಾಕು, ನನ್ನ ಸ್ಕ್ರಿಪ್ಟ್ ಎಂದೆಂದಿಗೂ ಕಾಯುತ್ತದೆ. ಪ್ರತಿ ಸಲವೂ ಈಗಷ್ಟೇ ಕಾಯತೊಡಗಿದ ಹುರುಪಿನಲ್ಲಿ.

ಇದು ನನಗೆ ತಕ್ಷಣ ಅರ್ಥವಾದದ್ದು ಗಣಿತದಿಂದಲ್ಲ. ಚೆಂಬೂರಿನ ನಮ್ಮ ಮನೆಯಲ್ಲಿ ಅಪ್ಪ ಟೆಲಿಫೋನಿಗೆ ಅರ್ಜಿ ಹಾಕಿ ಆಗಲೇ ಒಂಬತ್ತು ವರ್ಷವಾಗಿತ್ತು. ಈ ವರ್ಷ ಬರದಿದ್ದರೆ ಅರ್ಜಿ ವಾಪಸು ತೆಗೆದುಕೊಳ್ಳುತ್ತೇನೆ ಎಂದು ಅಪ್ಪ ಪ್ರತಿ ಯುಗಾದಿಗೂ ಹೇಳುತ್ತಿದ್ದರು. ಪ್ರತಿ ವರ್ಷ, ಅವರ ಸಹನೆ ಮುಗಿಯುವ ಹೊತ್ತಿಗೆ ಸರಿಯಾಗಿ, ತಮ್ಮ ಅರ್ಜಿ ಪರಿಶೀಲನೆಯಲ್ಲಿದೆ ಎಂಬ ಕಾರ್ಡು ಬರುತ್ತಿತ್ತು. "ನೋಡಿದ್ಯಾ, ಮರ್ತಿಲ್ಲ ಅವರು" ಎಂದು ಅಪ್ಪ ಕಾರ್ಡನ್ನು ಫೈಲಿಗೆ ಸೇರಿಸಿ, ಹೊಸ ವರ್ಷಕ್ಕೆ ಹೊಸದಾಗಿ ಕಾಯಲು ಶುರುಮಾಡುತ್ತಿದ್ದರು. ನನ್ನ ಸ್ಕ್ರಿಪ್ಟು ಯಾರ ಮಗು ಎಂದು ಆಗ ತಿಳಿಯಿತು.

ಸರಿಪಡಿಸುವುದು ಸುಲಭ. 'ತಡೆಯಿರಿ'ಗೂ ಒಂದು ಎಣಿಕೆ. ಒಂದು ಸಾಲು. ಆದರೆ ಸ್ಕ್ರಿಪ್ಟಿಗೆ ಕೈ ಹಾಕಬಾರದೆಂದು ಮ್ಯಾನೇಜರ್ ಹೇಳಿದ್ದರು. ಅವರನ್ನು ಕೇಳಿದರೆ ಒಪ್ಪುತ್ತಿದ್ದರು. ಪರೀಕ್ಷೆಯನ್ನು ಇನ್ನೊಂದು ದಿನ ಮುಂದುವರಿಸುತ್ತಿದ್ದರು, ಅಷ್ಟೆ. ಕುರ್ಲಾದಲ್ಲಿ ಇಳಿದು ಹಾರ್ಬರ್ ಲೈನಿನ ಪ್ಲಾಟ್‌ಫಾರ್ಮಿಗೆ ಸೇತುವೆ ಹತ್ತುತ್ತಾ ಲೆಕ್ಕ ಹಾಕಿದೆ. ಐದು ದಿನದಲ್ಲಿ ಆ ಮಾತು ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಬಂದಿಲ್ಲ. ಆರನೆಯ ದಿನ ತೊಂದರೆಯಾಗುವ ಸಂಭವ ಅತ್ಯಲ್ಪ. ಹಾಗಾಗಿ ಬಿಟ್ಟುಬಿಟ್ಟೆ. ಅತ್ಯಲ್ಪ ಎಂಬ ಕಾರಣಕ್ಕೆ ಬಿಟ್ಟೆನೋ, ಸೊನ್ನೆಯಲ್ಲ ಎಂಬ ಕಾರಣಕ್ಕೆ ಬಿಟ್ಟೆನೋ, ಈ ಪ್ರಶ್ನೆಯನ್ನು ನಾನು ಆ ಸೇತುವೆಯ ಮೇಲೆ ಕೇಳಿಕೊಳ್ಳಲಿಲ್ಲ. ಜನ ತಳ್ಳುತ್ತಿದ್ದರು.

ಶನಿವಾರ ಖಂಡೇನವಮಿ. ಕಾರ್ಖಾನೆಯಲ್ಲಿ ಆಯುಧಪೂಜೆ, ಅರ್ಧ ದಿನದ ಕೆಲಸ. ಲೇಥ್‌ಗಳನ್ನು ತೊಳೆದು ಒರೆಸಿ ಚೆಂಡುಹೂವಿನ ಮಾಲೆ ಹಾಕಿದ್ದರು. ಟ್ರಕ್ಕುಗಳ ಮೂತಿಗೂ ಮಾಲೆ, ಚಕ್ರದ ಕೆಳಗೆ ನಿಂಬೆಹಣ್ಣು. ಪೂಜೆಯಾದ ಮೇಲೆ ಲೇಥನ್ನು ಆ ದಿನ ಯಾರೂ ಓಡಿಸುವಂತಿಲ್ಲ. ಟ್ರಕ್ಕು ಮಾತ್ರ ಮಧ್ಯಾಹ್ನದೊಳಗೆ ಹೊರಡಬೇಕು. ದಸರೆಗೆ ಊರೂರಿನ ಅಂಗಡಿಯವರು ಮಾಲಿಗಾಗಿ ಕಾದಿರುತ್ತಾರೆ.

ಒಂಬತ್ತಕ್ಕೆ ಸ್ಕ್ರಿಪ್ಟ್ ಎದ್ದು ಡಯಲ್ ಮಾಡಿದ ಸದ್ದು ಕೇಳಿ ನಾವೆಲ್ಲ ಕೆಳಗೆ ಪೂಜೆಗೆ ಹೋದೆವು. ಹತ್ತೂವರೆಗೆ ಮ್ಯಾನೇಜರ್ ಪುರೋಹಿತರನ್ನು ಮೇಲೆ ಕರೆತಂದರು. ಪುರೋಹಿತರೂ ಚಪ್ಪಲಿ ಬಿಟ್ಟು ಬಂದರು. ಆ ಕೋಣೆಯ ನಿಯಮಕ್ಕೂ ಅವರ ನಿಯಮಕ್ಕೂ ಅಂದು ವ್ಯತ್ಯಾಸವಿರಲಿಲ್ಲ. ಕಂಪ್ಯೂಟರಿಗೆ ಅರಿಶಿನ ಕುಂಕುಮ, ಮೋಡೆಮಿಗೆ ಒಂದು ಹೂವು. ಮುಸುಕು ಹಾಕಿದ ಕೀಬೋರ್ಡಿಗೂ, ಮ್ಯಾನೇಜರರ ಸಹಿಯ ಪಕ್ಕದಲ್ಲೇ, ಕುಂಕುಮ.

ತೆರೆಯ ಮೇಲೆ ಮೇಲಿನಿಂದ ಕೆಳಗಿನವರೆಗೆ ಒಂದೇ ಸಾಲು. ಪ್ಲೀಸ್ ವೇಟ್. ಪ್ಲೀಸ್ ವೇಟ್. ನಾವು ನೋಡುತ್ತಿದ್ದಂತೆಯೇ ಕೆಳಗೆ ಇನ್ನೊಂದು ಬಂದು ಕೂಡಿತು.

ಮ್ಯಾನೇಜರರಿಗೆ ಅಷ್ಟು ದೂರದಿಂದ ಓದಲು ಕನ್ನಡಕ ಬೇಕಿತ್ತು. "ಕಂಡ್ರಾ ಭಟ್ರೇ, ಇವತ್ತು ಪೂಜೆ ದಿನವೂ ಹೇಗೆ ಕೆಲಸ ಮಾಡ್ತಾ ಉಂಟು! ನಮ್ಮವರೇ ಮಾಡಿದ್ದು" ಎಂದು ನನ್ನನ್ನು ತೋರಿಸಿದರು.

"ಸರ್, ಅದು ಕಾಯ್ತಾ ಇದೆ" ಎಂದೆ.

"ಕಾಯ್ಲಿ ಮಾರಾಯ್ರೆ. ಕಾಯುದು ಒಳ್ಳೆ ಗುಣ."

ನಾನು ಹೇಳಿದ್ದು ನಿಜವಾಗಿತ್ತು. ಅದಕ್ಕೆ ಇನ್ನೊಂದು ವಾಕ್ಯವನ್ನು ಸೇರಿಸಬಹುದಿತ್ತು. ಅಷ್ಟರಲ್ಲಿ ಪುರೋಹಿತರು ಮಂಗಳಾರತಿ ಎತ್ತಿದರು. ಎಲ್ಲರೂ ಕಣ್ಣಿಗೊತ್ತಿಕೊಂಡೆವು. ಅಕ್ಕನೂ ಒತ್ತಿಕೊಂಡರು, ಅವರ ಕಣ್ಣು ತೆರೆಯ ಮೇಲಿತ್ತು, ತುಟಿ ಅಲುಗುತ್ತಿತ್ತು. ಮಂತ್ರವೆಂದುಕೊಂಡೆ. ಎಣಿಸುತ್ತಿದ್ದರೆಂದು ಆಮೇಲೆ ತಿಳಿಯಿತು.

ಹನ್ನೊಂದೂವರೆಗೆ ಡಿಸ್ಪ್ಯಾಚ್ ಮುಖ್ಯಸ್ಥರು ಮೆಟ್ಟಿಲು ಹತ್ತಿ ಬಂದರು. ಹಣೆಯ ತುಂಬ ಕುಂಕುಮ, ಸಿಟ್ಟಿಗೂ ಅದಕ್ಕೂ ಬಣ್ಣ ಒಂದೇ. ಚಪ್ಪಲಿ ಬಿಡಲಿಲ್ಲ.

"ಲಿಸ್ಟ್ ಕುಠೇ ಆಹೇ? ಎಲ್ಲಿ ಲಿಸ್ಟು? ಹನ್ನೊಂದು ಟ್ರಕ್ ನಿಂತಿದೆ ಸಾಬ್! ಒಂದು ಗಂಟೆಯಿಂದ ಫೋರ್ಟಿಗೆ ಫೋನ್ ಮಾಡ್ತಿದ್ದೇನೆ, ಎಂಗೇಜ್! ನಿಮ್ಮ ಲೈನೂ ಎಂಗೇಜ್!" ಅವರ ಕನ್ನಡಕ್ಕೆ ಮರಾಠಿಯ ಮೂಳೆ, ಮ್ಯಾನೇಜರರ ಜೊತೆ ಮಾತ್ರ ಆಡುತ್ತಿದ್ದದ್ದು.

ಮ್ಯಾನೇಜರ್ ಕನ್ನಡಕ ಹಾಕಿಕೊಂಡು ತೆರೆಯ ಹತ್ತಿರ ಬಗ್ಗಿ ಓದಿದರು. ಮೇಲಿನಿಂದ ಕೆಳಗಿನವರೆಗೆ ಓದಿದರು, ಎಲ್ಲಾದರೂ ಬೇರೆ ಮಾತು ಇರಬಹುದೆಂಬ ಆಸೆಯಿಂದ.

"ಇದೆಂತ ಇದು? ಬೆಳಿಗ್ಗೆಯಿಂದ ಇದೇಯಾ? ನಿಲ್ಸಿ ಇದನ್ನು!"

"ಕೀಬೋರ್ಡಿಗೆ ಸೀಲ್ ಇದೆ ಸರ್" ಎಂದೆ.

ಅವರು ಕೀಬೋರ್ಡಿನ ಕಡೆ ಕೈ ನೀಡಿ, ಕುಂಕುಮ ನೋಡಿ ಹಿಂದೆ ತೆಗೆದರು. ಪೂಜೆಯಾದ ಆಯುಧ. ತಮ್ಮದೇ ಸಹಿ. ಎರಡರಲ್ಲಿ ಯಾವುದು ಅವರನ್ನು ಹೆಚ್ಚು ತಡೆಯಿತೆಂದು ಹೇಳಲಾರೆ.

ಆಗ ಅಕ್ಕ ಎದ್ದರು. ಮೋಡೆಮಿನ ಮೇಲಿದ್ದ ಹೂವನ್ನು ಕಣ್ಣಿಗೊತ್ತಿ ಮುಡಿಗೆ ಸಿಕ್ಕಿಸಿಕೊಂಡರು. ಹಿಂದೆ ಕೈ ಹಾಕಿ ಟೆಲಿಫೋನಿನ ವಯರನ್ನು ಕಿತ್ತರು.

"ಕೀಬೋರ್ಡಿಗೆ ಕೈ ಹಾಕಬ್ಯಾಡಂದಿದ್ರಿ ಸಾಹೇಬ್ರ. ವಯರಿಗೆ ಅಂದಿಲ್ಲ."

ಅದನ್ನು ಫೋನಿಗೆ ಸಿಕ್ಕಿಸಿ ಡಯಲ್ ಮಾಡಿದರು. ಮೋಡೆಮ್ ಹಿಡಿದಿಟ್ಟಿದ್ದ ಅಲ್ಲಿಯ ಲೈನೂ ಈಗ ಬಿಡುಗಡೆಯಾಗಿತ್ತು; ಫೋರ್ಟಿನ ಆಪರೇಟರ್ ಮೊದಲ ರಿಂಗಿಗೇ ಎತ್ತಿದ. ಇಬ್ಬರೂ ಮೊದಲು ಮನೆಯವರ ಆರೋಗ್ಯ ವಿಚಾರಿಸಿಕೊಂಡರು. ಡಿಸ್ಪ್ಯಾಚ್ ಮುಖ್ಯಸ್ಥರು ಹಲ್ಲು ಕಚ್ಚಿಕೊಂಡು ನಿಂತಿದ್ದರು. ಆಮೇಲೆ ಆತ ಹಿಂದಿನ ದಿನವೇ ಅಚ್ಚು ಹಾಕಿಸಿ ಇಟ್ಟುಕೊಂಡಿದ್ದ ಪಟ್ಟಿಯನ್ನು ಓದಿದ, ಅಕ್ಕ ಹಳೆಯ ಪ್ರಿಂಟ್ಔಟಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡರು. ಕೊಲ್ಹಾಪುರ, ಎರಡು ಇಂಚಿನದು, ಆರು. ಸಾಂಗ್ಲಿ, ಮೂರು ಇಂಚಿನದು, ನಾಲ್ಕು. ಇಪ್ಪತ್ತು ನಿಮಿಷ. ಕಾಗದದ ಒಂದು ಮೂಲೆಗೆ ಮೆಂತ್ಯದ ಎಲೆ ಅಂಟಿತ್ತು; ಡಿಸ್ಪ್ಯಾಚ್‌ನವರು ಅದನ್ನೂ ಸೇರಿಸಿ ತೆಗೆದುಕೊಂಡು ಓಡಿದರು.

ಮಧ್ಯಾಹ್ನ ಭಾಂಡುಪ್‌ನಿಂದ ನಾವಿಬ್ಬರೂ ಒಂದೇ ಲೋಕಲ್ ಹಿಡಿದೆವು. ಹಬ್ಬದ ಶನಿವಾರ, ಡಬ್ಬಿಯಲ್ಲಿ ಕೂರಲು ಜಾಗವಿತ್ತು. ಕಾಂಜುರ್‌ಮಾರ್ಗ್ ದಾಟಿದ ಮೇಲೆ ಕೇಳಿದೆ.

"ಫೋರ್ಟಿನವರು ಇವತ್ತು ಹಾಗೆ ಮಾಡ್ತಾರೆ ಅಂತ ನಿಮಗೆ ಗೊತ್ತಿತ್ತಾ ಅಕ್ಕ?"

"ಪ್ರತಿ ವರ್ಷಾ ಮಾಡತಾನ. ಮಷೀನ್ ಬಂದ್ ಮಾಡಾಕ ಅವಂಗ ಪರ್ಮಿಷನ್ ಇಲ್ಲ. ಪೂಜಿ ಮಾಡಿದ್ದನ್ನ ದುಡಿಸಾಕ ಮನಸಿಲ್ಲ. ಅದಕ್ಕ ನಿಮಿಷಕ್ಕೊಮ್ಮೆ ತಡೀರಿ ಅನ್ನಾಕ ಹಚ್ಚಿ, ತಾ ಪ್ರಸಾದ ತಿನ್ನಾಕ ಹೊಕ್ಕಾನ. ನಾ ವರ್ಷಾ ಫೋನ್ ಮಾಡಿ ಬರಕೋತೀನಿ." ಅವರು ಮುಡಿಯಲ್ಲಿದ್ದ ಹೂವನ್ನು ಸರಿಪಡಿಸಿಕೊಂಡರು. ಪ್ರತಿ ವರ್ಷವೂ ಆ ಹೊತ್ತಿಗೆ ಮ್ಯಾನೇಜರ್ ಕೆಳಗೆ ಪೂಜೆಯಲ್ಲಿರುತ್ತಿದ್ದರು. ಪಟ್ಟಿ ಹೇಗೆ ಬಂತೆಂದು ಯಾರೂ ಕೇಳುತ್ತಿರಲಿಲ್ಲ, ಅದು ಬರುತ್ತಿತ್ತು.

"ನನಗೆ ಹೇಳಲಿಲ್ಲ ನೀವು."

"ಹನ್ನೊಂದ ಮಾತಿನ್ಯಾಗ ಅದೂ ಇತ್ತಲ್ಲ ತಂಗಿ? ಹೇಳೇನಿ, ನೀ ಬರಕೊಂಡಿ. ಎಷ್ಟ ಸಲ ಬರತೈತಿ ಅಂತ ನೀ ಕೇಳಲಿಲ್ಲ." ಕಿಟಕಿಯ ಆಚೆ ನೋಡುತ್ತಾ, ಅಷ್ಟೇ ಹಗುರವಾಗಿ ಸೇರಿಸಿದರು: "ನಿನ್ನಿ ಆ ಉದ್ದನ ಕಾಗದಾ ಓದಿಕೋತ ಹೋದಿ. ನಿನಗೇನೂ ಸಿಗಲಿಲ್ಲೇನು ಅದರಾಗ?"

ವಿಕ್ರೋಲಿ ಬಂತು. ನಾಲ್ಕು ಜನ ಹತ್ತಿದರು. ನಾನು ನನ್ನ ಚೀಲವನ್ನು ಮಡಿಲಿಗೆ ಎಳೆದುಕೊಂಡು ಅವರಿಗೆ ಜಾಗ ಮಾಡಿದೆ. ಅಕ್ಕ ಎರಡನೆಯ ಸಲ ಕೇಳಲಿಲ್ಲ.

ದಸರೆಯ ರಜೆ ಮುಗಿದು ಮಂಗಳವಾರ ಹೋದಾಗ ಮ್ಯಾನೇಜರ್ ಒಂದು ನಿರ್ಧಾರಕ್ಕೆ ಬಂದಿದ್ದರು. ಸ್ಕ್ರಿಪ್ಟ್ ಮುಂದುವರಿಯುತ್ತದೆ; ಅಷ್ಟು ಶ್ರಮಪಟ್ಟು ಮಾಡಿದ್ದನ್ನು ಬಿಡುವ ಮಾತಿಲ್ಲ, ಅದರ ಬಗ್ಗೆ ಅವರು ಮೇಲಿನವರಿಗೆ ಆಗಲೇ ಬರೆದಾಗಿತ್ತು. ಆದರೆ ಅದು ನಡೆಯುವಾಗ, ಎಲ್ಲಿ ನಿಲ್ಲಿಸಬೇಕೆಂದು ಬಲ್ಲವರು ಒಬ್ಬರು ಪಕ್ಕದಲ್ಲಿ ಕುಳಿತಿರಬೇಕು. ಅಕ್ಕನಿಗೆ ಹೊಸ ಹುದ್ದೆಯ ಹೆಸರು ಬಂತು, ಸೂಪರ್‌ವೈಸರ್. ಸ್ಕ್ರಿಪ್ಟಿನ ಸೂಪರ್‌ವೈಸರ್. ಮೊದಲು ಒಬ್ಬರು ಮಾಡುತ್ತಿದ್ದ ಕೆಲಸವನ್ನು ಈಗ ಒಂದು ಯಂತ್ರವೂ ಅದನ್ನು ಕಾಯುವ ಒಬ್ಬರೂ ಅದನ್ನು ಬರೆದ ಒಬ್ಬಳೂ ಸೇರಿ ಮಾಡತೊಡಗಿದೆವು. ಇದನ್ನು ಆಧುನೀಕರಣವೆಂದು ನೋಟಿಸ್ ಬೋರ್ಡಿನಲ್ಲಿ ಹಾಕಿದರು. ಭಿವಂಡಿಯ ಮಾತು ಮತ್ತೆ ಬರಲಿಲ್ಲ.

ಆ ದಿನವೇ ಸೀಲ್ ತೆಗೆದ ಕೀಬೋರ್ಡಿನ ಮುಂದೆ ಕುಳಿತೆ. ಸಂದಿಯಲ್ಲಿ ಕುಂಕುಮ ಇಳಿದು ಎರಡು ಕೀಲಿಗಳು ಅಂಟುತ್ತಿದ್ದವು.

"ಎಷ್ಟು ಸಲ ತಡೆಯಬೇಕು ಅಕ್ಕ?" ಎಂದು ಕೇಳಿದೆ. ಈ ಸಲ ಕೇಳಿದೆ.

ಅವರು ಮೆಂತ್ಯದಿಂದ ತಲೆ ಎತ್ತಿದರು. "ಆರು. ಆರಾದ ಮ್ಯಾಲೂ ತಡೀರಿ ಅಂದ್ರ, ಅವರ ಮನಸಿನ್ಯಾಗ ಬ್ಯಾರೆ ಐತಿ ಅಂತ ತಿಳಕೋ."

ಆರು ಎಂದು ಬರೆದೆ. ಆ ಒಂದು ಸಾಲಿಗೆ ನಾಲ್ಕು ನಿಮಿಷ ಹಿಡಿಯಿತು. ಶುಕ್ರವಾರವೂ ಅಷ್ಟೇ ಹಿಡಿಯುತ್ತಿತ್ತು.